ಬಾಣಂತಿ ಕೋಣೆಯ ರೇಡಿಯೇಟರ್

ಐಮಂಗಲದಲ್ಲಿ ಬಸ್ಸಿನಿಂದ ಇಳಿದಾಗ ಚಿತ್ತಮ್ಮನ ಮೊಮ್ಮಗಳು ಅವಳ ಕುಪ್ಪಸದೊಳಗಿದ್ದಳು. ನೋಡುವವರಿಗೆ ಕಾಣುತ್ತಿದ್ದುದು ಕರಿಕಂಬಳಿ ಹೊದ್ದ ಒಬ್ಬ ಮುದುಕಿ ಮಾತ್ರ. ಕಂಬಳಿಯ ಒಳಗೆ, ಎದೆಯ ಚರ್ಮಕ್ಕೆ ಅಂಟಿಕೊಂಡು, ಬೊಗಸೆಯಷ್ಟೇ ಇದ್ದ ಕೂಸು ಉಸಿರಾಡುತ್ತಿತ್ತು. ಹಿಂದೆ ಸೊಸೆ ಕೆಂಚಕ್ಕ ತಲೆಗೆ ಕಿವಿಗೆ ಬಟ್ಟೆ ಬಿಗಿದುಕೊಂಡು ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದಳು.

ಅದು ಎಪ್ಪತ್ತನಾಲ್ಕನೇ ಇಸವಿಯ ಮಾರ್ಗಶಿರ. ಬಯಲಿನ ಮೇಲೆ ಮೂಡಗಾಳಿ ಬೀಸುತ್ತಿತ್ತು. ಬೇಸಿಗೆಯಲ್ಲಿ ಬಂಡೆ ಕಾಯುವ ಈ ಸೀಮೆಗೆ ಚಳಿಯೇ ಇಲ್ಲ ಎನ್ನುವವರು ಮಾರ್ಗಶಿರದ ಒಂದು ಮುಂಜಾನೆ ಇಲ್ಲಿ ಕುರಿ ಹಟ್ಟಿಯಲ್ಲಿ ನಿಂತು ನೋಡಬೇಕು. ಬೆಳೆದ ಮನುಷ್ಯನಿಗೆ ಆ ಚಳಿ ಏನೂ ಮಾಡುವುದಿಲ್ಲ. ಎಂಟು ತಿಂಗಳಿಗೇ ಹುಟ್ಟಿದ ಕೂಸಿಗೆ ಅಷ್ಟು ಸಾಕು.

ಕೆಂಚಕ್ಕನಿಗೆ ಹೊಟ್ಟೆನೋವು ಕಾಣಿಸಿಕೊಂಡಾಗ ಗಂಡ ಎತ್ತಪ್ಪ ಊರಲ್ಲಿರಲಿಲ್ಲ. ಅವನು ಲಾರಿ ಡ್ರೈವರು. ಕಲ್ಕತ್ತೆ ಕಡೆಗೆ ಲೋಡು ಹಾಕಿಕೊಂಡು ಹೋಗಿದ್ದ. ಚಿತ್ತಮ್ಮನೇ ಸೊಸೆಯನ್ನು ಹಾಲಿನ ವ್ಯಾನಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಓಡಿದ್ದಳು. ಅಲ್ಲಿ ಬಲ್ಬು ಉರಿಯುವ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿದರು. ಕೂಸು ಮೊಲೆ ಚೀಪುವಷ್ಟು ಚೇತರಿಸಿಕೊಂಡ ಮೇಲೆ ಲೇಡಿ ಡಾಕ್ಟರು ಅತ್ತೆ ಸೊಸೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

"ಇರೋದು ಒಂದೇ ಪೆಟ್ಟಿಗೆ. ಇದಕ್ಕಿಂತ ಸಣ್ಣ ಮಗು ನಿನ್ನೆ ಹುಟ್ಟಿದೆ. ನೀವು ಮನೆಗೆ ಹೋಗಬಹುದು. ಆದರೆ ಎರಡು ಮಾತು ನೆನಪಿಟ್ಟುಕೊಳ್ಳಿ. ಮಗು ಇರೋ ಕೋಣೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು. ಇನ್ನೊಂದು, ಹೊಗೆ ಕೂಡದು. ಇದ್ದಿಲ ಕೆಂಡವೂ ಕೂಡದು. ಇದರ ಪುಪ್ಪುಸ ಇನ್ನೂ ಪೂರ್ತಿ ಬಲಿತಿಲ್ಲ."

"ಬೆಂಕಿ ಇಲ್ದಂಗೆ ಬಿಸಿ ಎಲ್ಲಿಂದ ತರಾಣ, ಅಮ್ಮಾರೆ?" ಎಂದಳು ಚಿತ್ತಮ್ಮ.

ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನ ಅಕ್ಕಪಕ್ಕ ಇಡಿ, ಆಗಾಗ ಬದಲಿಸಿ, ಉಳಿದ ಹೊತ್ತು ಎದೆಗೆ ಅಪ್ಪಿಕೊಂಡಿರಿ ಎಂದರು ಡಾಕ್ಟರು. ಹೊರಡುವಾಗ ಅವರೇ ಕೂಸನ್ನು ಎತ್ತಿ ಚಿತ್ತಮ್ಮನ ಎದೆಯ ಮೇಲಿಟ್ಟು ಕಂಬಳಿ ಹೊದಿಸಿದರು.

ಚಿತ್ತಮ್ಮ ಕುರಿಗಾಹಿಗಳ ಹಟ್ಟಿಯಲ್ಲಿ ಹುಟ್ಟಿ ಹಟ್ಟಿಯಲ್ಲಿ ಬಾಳಿದವಳು. ಗಂಡ ತೀರಿಕೊಂಡ ಮೇಲೆ, ಮಗ ಲಾರಿ ಹಿಡಿದ ಮೇಲೆ, ಹೆದ್ದಾರಿಯ ಅಂಚಿಗೆ ಬಂದು ಒಂದು ಸಣ್ಣ ಮಾಳಿಗೆ ಮನೆ ಕಟ್ಟಿಕೊಂಡಿದ್ದಳು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಲ್ಲು ಹೊತ್ತವಳು, ಮಣ್ಣು ಕಲಸಿದವಳು, ಗೋಡೆ ಮೆತ್ತಿದವಳು ಅವಳೇ. ಊರಿಗೆ ಕರೆಂಟು ಬಂದಿತ್ತು. ಅವಳ ಮನೆಯಿದ್ದ ಸಾಲಿಗೆ ಇನ್ನೂ ಬಂದಿರಲಿಲ್ಲ.

ಮನೆಯ ಪಡುವಣ ತುದಿಗೆ ಹೊರಬಾಗಿಲಿದ್ದ ಒಂದು ಕೋಣೆಯಿತ್ತು. ಅದನ್ನು ಸಾರಿಸಿ, ಅಲ್ಲಿ ಸೊಸೆಯನ್ನೂ ಕೂಸನ್ನೂ ಮಲಗಿಸಿದಳು. ಅಂಗಳದ ಒಲೆಯ ಮೇಲೆ ನೀರು ಕಾಯಿಸಿ ಬಾಟಲಿ ತುಂಬಿ ತಂದಿಟ್ಟಳು. ಬಾಟಲಿ ತಣ್ಣಗಾಗುತ್ತಿತ್ತು. ಮತ್ತೆ ತುಂಬುವಳು, ಮತ್ತೆ ತಣ್ಣಗಾಗುತ್ತಿತ್ತು. ನಡುನಡುವೆ ಅತ್ತೆ ಸೊಸೆ ಸರದಿಯ ಮೇಲೆ ಕೂಸನ್ನು ಎದೆಗಂಟಿಸಿಕೊಂಡು ಕೂರುತ್ತಿದ್ದರು. ಎರಡು ದಿನ ಹೀಗೇ ನಡೆಯಿತು. ಮೂರನೆಯ ಬೆಳಗ್ಗೆ ಕೆಂಚಕ್ಕನ ಮೈ ಕಾದಿತ್ತು. ಜ್ವರ. ಕೂಸಿನ ಕಾಲಬೆರಳು ಮುಟ್ಟಿ ನೋಡಿದರೆ ಬಾವಿಯ ನೀರಿನಂತೆ ತಣ್ಣಗಿತ್ತು.

"ಅತ್ತೆ, ನಂಗೆ ಕೈ ಎತ್ತಾಕಾಗವಲ್ದು," ಎಂದು ಕೆಂಚಕ್ಕ ಅತ್ತಳು. "ನಿದ್ದೆಗಣ್ಣಾಗೆ ಕೂಸು ಕೆಳಕ್ಕೆ ಬಿದ್ರೆ ಏನು ಗತಿ?"

"ಬೀಳಲ್ಲ ಮಲಗು," ಎಂದಳು ಚಿತ್ತಮ್ಮ. ಪಕ್ಕದ ಮನೆಯ ದ್ಯಾಮಮ್ಮನನ್ನು ಕರೆದು ಕೂಸನ್ನು ಅವಳ ಎದೆಗಿಟ್ಟು, ಇನ್ನಷ್ಟು ಬಾಟಲಿ ಕೇಳಿ ತರಲು ಜಂಬಣ್ಣನ ಶೆಡ್ಡಿಗೆ ಹೊರಟಳು.

ಜಂಬಣ್ಣ ಹೆದ್ದಾರಿಯ ಮೇಲೆ ಲಾರಿ ರಿಪೇರಿ ಮಾಡುವ ಮೇಸ್ತ್ರಿ. ಎತ್ತಪ್ಪ ಮೊದಮೊದಲು ಕ್ಲೀನರ್ ಆಗಿದ್ದಾಗಿನಿಂದ ಪರಿಚಯ. ಚಿತ್ತಮ್ಮ ಹೋದಾಗ ಒಂದು ಲಾರಿ ಬಾನೆಟ್ ತೆರೆದುಕೊಂಡು ನಿಂತಿತ್ತು, ಮುಂದಿನಿಂದ ಹಬೆ ಏಳುತ್ತಿತ್ತು.

"ಚಿತ್ತಕ್ಕ, ಹತ್ರ ಬರಬ್ಯಾಡ್ರಿ! ರೇಡಿಯೇಟ್ರು ಕುದೀತಾ ಐತೆ," ಎಂದು ಜಂಬಣ್ಣ ಕೂಗಿದ.

ಅವಳು ನಿಂತಳು. ಆದರೆ ನಿಂತಲ್ಲಿಗೇ ಬಿಸಿ ಬಂದು ಮುಖಕ್ಕೆ ಬಡಿಯಿತು. ಅಂಗೈ ಚಾಚಿದಳು. ಚಳಿಗೆ ಸೆಟೆದಿದ್ದ ಬೆರಳುಗಳು ಸಡಿಲವಾದವು.

"ಇದ್ಯಾವುದಪ್ಪ ಇದು? ಇದರೊಳಗೆ ಬೆಂಕಿ ಐತಾ?"

"ಬೆಂಕಿ ಎಲ್ಲಿಂದ ಬಂತು? ಬರೀ ನೀರು. ಇಂಜಿನ್ನಿನ ಬಿಸೀನ ನೀರು ಹೊತ್ಕಂಡು ಬರ್ತದೆ, ಈ ಜಾಲರಿಯಾಗೆ ಇಳೀವಾಗ ಬಿಸೀನ ಗಾಳಿಗೆ ಚೆಲ್ತದೆ, ತಣ್ಣಗಾಗಿ ಇಂಜಿನ್ನಿಗೆ ವಾಪಸ್ ಹೋಗ್ತದೆ."

"ಹೊಗೆ ಬರಲ್ವಾ?"

"ನೀರಿಗೆ ಎಂಥ ಹೊಗೆ!"

ಚಿತ್ತಮ್ಮ ಮತ್ತೂ ಸ್ವಲ್ಪ ಹೊತ್ತು ಅಲ್ಲೇ ಕೈಯೊಡ್ಡಿ ನಿಂತಳು. ಬಂದ ಕೆಲಸ ಮರೆತೇಹೋಗಿತ್ತು.

"ಅಂದ್ರೆ ಬೆಂಕಿ ಒಂದು ಕಡೆ ಇರ್ತದೆ, ಬಿಸಿ ಇನ್ನೊಂದು ಕಡೆ ಬರ್ತದೆ."

"ಹೂಂ, ಹಂಗೇ ಅನ್ಕಳ್ರಿ."

"ಜಂಬಣ್ಣ, ನಂಗೊಂದು ಬೇಕು."

ಜಂಬಣ್ಣ ನಕ್ಕ. ಲಾರಿ ಇಲ್ಲದೆ ರೇಡಿಯೇಟರ್ ತಗೊಂಡು ಏನು ಮಾಡುತ್ತೀರಿ ಎಂದ. ಅವಳು ಕೂಸಿನ ಕಾಲಬೆರಳ ವಿಷಯ ಹೇಳಿದಳು, ಡಾಕ್ಟರು ಹೇಳಿದ ಎರಡು ಮಾತು ಹೇಳಿದಳು. ಅವನ ನಗು ನಿಂತಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಮಡ್‌ಗಾರ್ಡಿನ ಮೇಲಿಟ್ಟು, ಹಣೆ ಒರೆಸಿಕೊಂಡು ಯೋಚಿಸಿದ.

"ಹೊರಗೆ ಡ್ರಮ್ಮಿನಾಗೆ ನೀರು ಕಾಯಿಸೋದು, ಪೈಪಿನಾಗೆ ಒಳಗೆ ಬಿಡೋದು... ಇಂಥದ್ದನ್ನ ಯಾರೂ ಮಾಡಿದ್ದು ನಾ ನೋಡಿಲ್ಲ, ಚಿತ್ತಕ್ಕ."

"ಆಗಲ್ಲ ಅಂತ ಯಾರಾದ್ರೂ ಹೇಳಿದ್ದು ಕೇಳೀಯಾ?"

ಇಲ್ಲ ಎಂದು ಅವನು ತಲೆಯಾಡಿಸಿದ. ಶೆಡ್ಡಿನ ಹಿಂದೆ, ಸೇತುವೆಯ ಬಳಿ ಮಗುಚಿಕೊಂಡಿದ್ದ ಯಾವುದೋ ಲಾರಿಯ ರೇಡಿಯೇಟರ್ ಬಿದ್ದಿತ್ತು. ಅದನ್ನು ಎತ್ತಿ ತಂದು, ಸೋರುತ್ತಿದ್ದ ಕಡೆಯೆಲ್ಲ ಅಲ್ಲೇ ನಿಂತು ಬೆಸುಗೆ ಹಾಕಿದ. ಒಂದು ಖಾಲಿ ಆಯಿಲ್ ಡ್ರಮ್ಮನ್ನು ಸುಟ್ಟು ತೊಳೆದು, ಮೇಲೊಂದು ಕೆಳಗೊಂದು ಪೈಪು ಕೂರಿಸಿಕೊಟ್ಟ. ಡ್ರಮ್ಮಿನ ನೆತ್ತಿಯ ಮೇಲೆ ಮೂರನೆಯದೊಂದು ಪೈಪನ್ನು ಉದ್ದಕ್ಕೆ ನಿಲ್ಲಿಸಿ ಹೇಳಿದ:

"ಇದು ಹಬೆ ಹೋಗಾಕೆ. ಇದರ ಬಾಯಿ ಯಾವತ್ತೂ ತೆರೆದೇ ಇರಬೇಕು. ಉಳಿದದ್ದು ನೀವೇ ಮಾಡ್ಕಬೇಕು, ಶೆಡ್ಡು ಬಿಟ್ಟು ಬರಾಕೆ ನಂಗಾಗಲ್ಲ. ನಾಳೆ ಸಂಜೆ ಮುಂದೆ ಬಂದು ನೋಡ್ತೀನಿ."

ಚಿತ್ತಮ್ಮ ಅಂದೇ ಕೆಲಸ ಹಿಡಿದಳು. ಕೋಣೆಯ ಪಡುವಣ ಗೋಡೆಯ ಹೊರಗೆ ಜಾಗ ಆರಿಸಿದಳು. ಮೂಡಗಾಳಿಗೆ ಹೊಗೆ ಮನೆಯಿಂದ ಆಚೆಗೇ ಹೋಗುತ್ತದೆ ಎಂಬುದು ಅವಳ ಲೆಕ್ಕ. ಕಲ್ಲು ಕೂಡಿಸಿ, ಹುಲ್ಲು ಬೆರೆಸಿ ತುಳಿದ ಮಣ್ಣಿನಿಂದ ದೊಡ್ಡ ಒಲೆ ಹೂಡಿದಳು. ಆಮೇಲೆ ಹಾರೆ ಹಿಡಿದು ಗೋಡೆಗೆ ಎರಡು ತೂತು ಕೊರೆಯತೊಡಗಿದಳು. ಸದ್ದು ಕೇಳಿ ದ್ಯಾಮಮ್ಮ ಬಾಗಿಲಿಗೆ ಬಂದು ಬಾಯಿಯ ಮೇಲೆ ಕೈಯಿಟ್ಟಳು.

"ಅಯ್ಯೋ, ಕಳ್ಳರು ಕನ್ನ ಕೊರೆದಂಗೆ ಬಾಣಂತಿ ಕೋಣೆಗೆ ತೂತು ಹಾಕ್ತೀಯಲ್ಲೇ!"

"ನಮ್ಮನೆಗೆ ನಾನೇ ಕನ್ನ ಹಾಕ್ತೀನಿ. ಕಳ್ಳ ಒಳಗಿಂದು ಹೊರಕ್ಕೆ ತಗಂಡು ಹೋಗ್ತಾನೆ, ನಾನು ಹೊರಗಿಂದು ಒಳಕ್ಕೆ ತರ್ತೀನಿ."

ಹಾರೆಯ ಸದ್ದು ಹಟ್ಟಿಗೂ ಮುಟ್ಟಿತೋ ಏನೋ, ಮರುದಿನ ಬೆಳಗ್ಗೆ ಕಾಟಲಿಂಗಪ್ಪ ಬಂದ. ಅವನು ಚಿತ್ತಮ್ಮನ ಗಂಡನ ಅಣ್ಣ, ಹಟ್ಟಿಯ ಹಿರಿಯ. ಬೇಲಿಯಾಚೆಯೇ ಕೋಲೂರಿ ನಿಂತ, ಒಳಗೆ ಬರಲಿಲ್ಲ. ಹೆತ್ತವಳು ಸೂತಕ ಕಳೆಯುವ ತನಕ ಹಟ್ಟಿಯಾಚೆಯ ಗುಡಿಸಲಲ್ಲಿರಬೇಕು ಎಂಬುದು ಅವರ ಹಿಂದಿನಿಂದ ಬಂದ ನಡವಳಿಕೆ.

"ಚಿತ್ತಮ್ಮ, ಸೊಸೇನ ಮನೆಯಾಗೇ ಮಲಗಿಸ್ಕಂಡೀಯಂತೆ. ದೇವರ ಪೆಟ್ಟಿಗೆ ಇರೋ ಮನೆ. ಹಟ್ಟಿಯಾಗೆ ಮಾತಾಡ್ಕಂತಾವ್ರೆ."

ಚಿತ್ತಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮಣ್ಣುಗೈಯಲ್ಲೇ ಎದ್ದು ನಿಂತಳು. ಅವಳು ಬಾವನ ಎದುರು ಯಾವತ್ತೂ ದನಿ ಎತ್ತಿದವಳಲ್ಲ, ಅವತ್ತೂ ಎತ್ತಲಿಲ್ಲ.

"ಈ ಕೋಣೆಗೆ ಬ್ಯಾರೆ ಬಾಗಿಲೈತೆ, ಬಾವ. ದೇವರ ಪೆಟ್ಟಿಗೆ ಆ ತುದಿಯಾಗೈತೆ. ಅವಳು ಆ ಕಡೆ ಕಾಲಿಟ್ಟಿಲ್ಲ. ಅದಕ್ಕೂ ಮೀರಿ ತಪ್ಪು ಅಂದ್ರೆ ಆ ತಪ್ಪು ನಂದಿರ್ಲಿ. ನನ್ನ ಮೊದಲನೇ ಕೂಸು ಪುಷ್ಯ ಮಾಸದಾಗೆ ಆ ಗುಡ್ಲಾಗೆ ತಣ್ಣಗಾಯ್ತು. ಮಣ್ಣು ಮಾಡಿ ಬಂದವರು ನೀವೇ. ಆವತ್ತು ನಾನೇನಾದ್ರೂ ಅಂದ್ನಾ?"

ಕಾಟಲಿಂಗಪ್ಪನ ದೃಷ್ಟಿ ಹೊಸದಾಗಿ ಹೂಡಿದ ಒಲೆಯ ಮೇಲೆ, ಡ್ರಮ್ಮಿನ ಮೇಲೆ, ಗೋಡೆಯ ತೂತಿನ ಮೇಲೆ ಹರಿದಾಡಿತು. ಕೋಲೂರುತ್ತ ಹಟ್ಟಿಯ ದಾರಿ ಹಿಡಿದ.

ಸಂಜೆ ಜಂಬಣ್ಣ ಬಂದು ಹೋಸ್ ಪೈಪು ಕೂಡಿಸಿ ಕ್ಲಿಪ್ಪು ಬಿಗಿದ. ರೇಡಿಯೇಟರನ್ನು ಕೋಣೆಯೊಳಗೆ ಗೋಡೆಗೊರಗಿಸಿ ನೆಲದ ಮೇಲಿಟ್ಟಿದ್ದರು. ನೀರು ತುಂಬಿಸಿ ಚಿತ್ತಮ್ಮ ಬೆಂಕಿ ಹಾಕಿದಳು. ಡ್ರಮ್ಮಿನಲ್ಲಿ ನೀರು ಕೊತಕೊತ ಕುದಿಯಿತು. ಒಳಗೆ ರೇಡಿಯೇಟರ್ ಮಾತ್ರ ಕಲ್ಲಿನಂತೆ ತಣ್ಣಗೇ ಕೂತಿತ್ತು.

ಜಂಬಣ್ಣ ತಲೆ ಕೆರೆದುಕೊಂಡ. "ಲಾರಿಯಾಗೆ ನೀರನ್ನ ತಳ್ಳಾಕೆ ಒಂದು ಪಂಪು ಇರ್ತದೆ. ಇಲ್ಲಿ ತಳ್ಳೋರ್ಯಾರು?"

"ಪಂಪು ಎಲ್ಲಿ ಸಿಗ್ತದೆ?"

"ಅದನ್ನ ತಿರುಗ್ಸಾಕೆ ಇಂಜಿನ್ ಬೇಕಲ್ಲ ಚಿತ್ತಕ್ಕ."

ಕೆಂಚಕ್ಕ ಕೂಸನ್ನು ಇನ್ನಷ್ಟು ಅವುಚಿಕೊಂಡಳು. ಜಂಬಣ್ಣ ಎದ್ದು ಹೊರಟವನು ಬಾಗಿಲಲ್ಲೇ ನಿಂತ. ಅವನು ಕೆಲಸ ಕಲಿತ ಹಿರಿಯೂರಿನ ಶೆಡ್ಡಿನಲ್ಲಿ ಯುದ್ಧದ ಕಾಲದ ಒಂದು ಹಳೇ ಲಾರಿಯಿತ್ತು. ಅದಕ್ಕೆ ಪಂಪೇ ಇರಲಿಲ್ಲ. ರೇಡಿಯೇಟರನ್ನು ಇಂಜಿನ್ನಿಗಿಂತ ಎತ್ತರಕ್ಕೆ ಕೂರಿಸಿದ್ದರು. ಬಿಸಿನೀರು ಹಗುರ, ತಾನಾಗಿ ಮೇಲೇರುತ್ತದೆ. ತಣ್ಣೀರು ಭಾರ, ತಾನಾಗಿ ಇಳಿಯುತ್ತದೆ. ಅವನ ಗುರು ಹೇಳಿಕೊಟ್ಟಿದ್ದ ಮಾತು.

"ಡ್ರಮ್ಮು ತಗ್ಗಿನಾಗೆ ಇರಬೇಕು!" ಎಂದ. "ಒಲೇನ ಗುಂಡಿಗೆ ಇಳಿಸ್ರಿ."

ಬೆಳಗಾಗುತ್ತಲೂ ಚಿತ್ತಮ್ಮ ಒಲೆ ಕೆಡವಿ ಗುದ್ದಲಿ ಹಾಕಿದಳು. ಮೊಣಕೈ ಆಳಕ್ಕೆ ಹೋಗುವುದರೊಳಗೆ ಗುದ್ದಲಿ ಠಣ್ ಎಂದಿತು. ಹಾಸುಬಂಡೆ. ಎರಡು ಮಾರು ಆಚೆ ಅಗೆದಳು, ಅಲ್ಲೂ ಬಂಡೆಯೇ. ದುರ್ಗದ ಸೀಮೆಯ ನೆಲದ ಗುಣವೇ ಅದು. ಗುದ್ದಲಿಯನ್ನು ಬದಿಗೆಸೆದು ಬಂಡೆಯ ಮೇಲೆ ಕೂತಳು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಮೊದಲ ಸಲ ಅವಳಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಒಳಗಿನಿಂದ ಕೆಂಚಕ್ಕನ ಮಾತು ಕೇಳಿಸಿತು.

"ಅತ್ತೆ, ಒಲೆ ಇಳೀಲಿಲ್ಲ ಅಂದ್ರೆ ಇದನ್ನಾದ್ರೂ ಏರಿಸ್ಬಾರ್ದಾ?"

ಚಿತ್ತಮ್ಮ ಎದ್ದು ಒಳಗೆ ಬಂದು ಸೊಸೆಯ ಮುಖ ನೋಡಿದಳು. ಜ್ವರದಲ್ಲಿ ಬಾಡಿದ್ದ ಮುಖ. "ಏರಿಸಿದ್ರೆ ಕೆಳಗೆ ಮಲಗಿರೋ ಕೂಸಿಗೆ ಬಿಸಿ ಹೆಂಗೆ ಸಿಗ್ತದೆ?"

"ಕೂಸನ್ನೂ ಏರಿಸಾಣ. ತೊಟ್ಟಿಲು ಕಟ್ಟಲ್ವಾ ಹೆಂಗಿದ್ರೂ?"

ಚಿತ್ತಮ್ಮ ಸೊಸೆಯ ತಲೆ ಸವರಿ ಹೊರಗೋಡಿದಳು. ದ್ಯಾಮಮ್ಮನ ಗಂಡನನ್ನು ಕರೆದು, ಇಬ್ಬರೂ ಸೇರಿ ಹಿತ್ತಲಲ್ಲಿದ್ದ ಕಲ್ಲುಚಪ್ಪಡಿಗಳನ್ನು ಹೊತ್ತು ತಂದು, ಕೋಣೆಯೊಳಗೆ ಸೊಂಟದೆತ್ತರದ ಕಟ್ಟೆ ಜೋಡಿಸಿದರು. ರೇಡಿಯೇಟರ್ ಅದರ ಮೇಲೆ ಕೂತಿತು. ಗೋಡೆಯ ತೂತುಗಳಲ್ಲೊಂದನ್ನು ಮುಚ್ಚಿ ಮೇಲ್ಗಡೆ ಹೊಸದು ಕೊರೆದಳು. ಹೊರಗೆ ಬಂಡೆಯ ಮೇಲೆಯೇ, ಆದಷ್ಟು ತಗ್ಗಿನಲ್ಲಿ, ಒಲೆ ಮತ್ತೆ ಎದ್ದಿತು. ಹೊತ್ತು ಇಳಿಯುವ ಮೊದಲೇ ಬಂದ ಜಂಬಣ್ಣ ಹಬೆಯ ಪೈಪಿಗೆ ಇನ್ನೊಂದು ತುಂಡು ಕೂಡಿಸಿ ರೇಡಿಯೇಟರಿಗಿಂತ ಎತ್ತರ ಮಾಡಿದ. ಇಲ್ಲವಾದರೆ ಅದರ ಬಾಯಿಂದಲೇ ನೀರೆಲ್ಲ ಚೆಲ್ಲಿಹೋಗುತ್ತಿತ್ತು.

ಮತ್ತೆ ಬೆಂಕಿ ಹಾಕಿದರು. ಎಲ್ಲರೂ ರೇಡಿಯೇಟರನ್ನೇ ನೋಡುತ್ತ ನಿಂತರು. ಏನೂ ಆಗಲಿಲ್ಲ. ಕೆಂಚಕ್ಕ ಚಾಪೆಯಿಂದೆದ್ದು, ಗೋಡೆ ಹಿಡಿದು ಬಂದು ಪೈಪಿನ ಮೇಲೆ ಕೈಯಿಟ್ಟಳು. ಗೋಡೆಯ ತೂತಿನಿಂದ ಕೈಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು.

"ಇಲ್ಲೀ ತಂಕ ಸುಡ್ತೈತೆ. ಇಲ್ಲಿಂದ ಆಚೆ ತಣ್ಣಗೈತೆ."

ಅವಳ ಬೆರಳಿದ್ದಲ್ಲಿ ಹೋಸ್ ಪೈಪು ಗೂನುಬೆನ್ನಿನಂತೆ ಎದ್ದು ಮತ್ತೆ ತಗ್ಗಾಗಿತ್ತು. ಜಂಬಣ್ಣ ಅದನ್ನು ನೋಡುತ್ತಲೂ ಹಣೆ ಚಚ್ಚಿಕೊಂಡ. "ಗಾಳಿ ಸಿಕ್ಕಂಡೈತೆ! ಎಂಥ ಮೇಸ್ತ್ರಿ ನಾನು." ಪೈಪು ಬಿಚ್ಚಿ, ಕತ್ತರಿಸಿ, ಎಲ್ಲೂ ತಗ್ಗಿಲ್ಲದೆ ಏರುತ್ತಲೇ ಹೋಗುವಂತೆ ಮತ್ತೆ ಕೂಡಿಸಿದ. ಸ್ವಲ್ಪ ಹೊತ್ತಿಗೆ ಗೋಡೆಯೊಳಗಿಂದ ಗುಳುಗುಳು ಸದ್ದು ಬಂತು. ಕೆಂಚಕ್ಕ ರೇಡಿಯೇಟರಿನ ನೆತ್ತಿ ಮುಟ್ಟಿ ತಟ್ಟನೆ ಕೈ ಹಿಂದೆಳೆದುಕೊಂಡಳು.

"ಸುಟ್ತು," ಎಂದು ಅವಳು ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಕತ್ತಲಾಗುವ ಹೊತ್ತಿಗೆ ಕೋಣೆ ಬೆಚ್ಚಗಾಗಿತ್ತು. ಹೊಗೆಯ ವಾಸನೆ ಎಳ್ಳಷ್ಟೂ ಇರಲಿಲ್ಲ. ರೇಡಿಯೇಟರಿಗೆ ಎದುರಾಗಿ, ಒಂದು ಮಾರು ದೂರದಲ್ಲಿ ತೊಟ್ಟಿಲು ಕಟ್ಟಿದರು. ಚಿತ್ತಮ್ಮ ಕೂಸನ್ನು ಎದೆಯಿಂದ ಬಿಡಿಸಿ ತೊಟ್ಟಿಲಿಗೆ ಹಾಕಿದಳು. ಗಳಿಗೆಗೊಮ್ಮೆ ಅದರ ಕಾಲಬೆರಳು ಮುಟ್ಟಿ ನೋಡುತ್ತ ಪಕ್ಕದಲ್ಲೇ ನಿಂತಳು. ಬೆರಳು ತಣ್ಣಗಾಗಲಿಲ್ಲ.

ಒಂದು ಕಷ್ಟ ಉಳಿದಿತ್ತು. ಬೆಂಕಿ ಆರುವಂತಿರಲಿಲ್ಲ, ತೀರಾ ಜೋರಾಗುವಂತೆಯೂ ಇರಲಿಲ್ಲ. ಒಬ್ಬರು ಸದಾ ಒಲೆಯ ಹತ್ತಿರ ಇರಬೇಕಿತ್ತು. ಮೊದಲ ಕೆಲವು ದಿನ ಚಿತ್ತಮ್ಮನೇ ಹೊರಗೆ ಕಂಬಳಿ ಹೊದ್ದು ಕೂತಳು. ಒಂದು ಮುಂಜಾನೆ ಕಾಟಲಿಂಗಪ್ಪ ಮತ್ತೆ ಬಂದ. ತಲೆಯ ಮೇಲೆ ಜಾಲಿ ಕೊರಡಿನ ಹೊರೆಯಿತ್ತು. ಬೇಲಿ ದಾಟಿ, ಹೊರೆಯನ್ನು ಒಲೆಯ ಪಕ್ಕ ಇಳಿಸಿ, ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ನಾನು ಒಳಗೆ ಬರಲ್ಲ, ಚಿತ್ತಮ್ಮ. ಒಲೆ ಹೊರಗೈತೆ. ಬೆಂಕಿಗೆ ಯಾವ ಸೂತಕ? ನೀ ಹೋಗಿ ಒಂದು ಚಣ ಮಲಗು."

"ದೊಡ್ಡ ಕೊರಡು ಒಂದೇ ಸಲ ಹಾಕಬ್ಯಾಡ್ರಿ, ಬಾವ," ಎಂದಷ್ಟೇ ಹೇಳಿ ಚಿತ್ತಮ್ಮ ಒಳಗೆ ಹೋಗಿ ಮಲಗಿದಳು, ಮಧ್ಯಾಹ್ನದ ತನಕ ಎಚ್ಚರವಾಗಲಿಲ್ಲ. ಅಂದಿನಿಂದ ಆ ಮುದುಕ ದಿನವೂ ಕುರಿಗಳನ್ನು ಮಗನಿಗೊಪ್ಪಿಸಿ ಬಂದು ಒಲೆ ಕಾದ. ಹಟ್ಟಿಯಿಂದ ಒಬ್ಬೊಬ್ಬರೇ ಬಂದು ಅವನ ಪಕ್ಕದಲ್ಲಿ ಬೆಂಕಿ ಕಾಯಿಸುತ್ತ ಕೂರತೊಡಗಿದರು. ಬರುವಾಗ ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಮನೆಯ ಗೋಡೆಗೆ ಸೌದೆಯ ಇನ್ನೊಂದು ಗೋಡೆ ಎದ್ದಿತು.

ಎಲ್ಲ ಸಲೀಸಾಯಿತು ಎನ್ನುವಾಗ ಚಿತ್ತಮ್ಮನೇ ಒಂದು ಎಡವಟ್ಟು ಮಾಡಿದಳು. ಒಂದು ಮಧ್ಯಾಹ್ನ ಕಾಟಲಿಂಗಪ್ಪ ಉಣ್ಣಲು ಹೋಗಿದ್ದ. ನೆತ್ತಿಯ ಪೈಪಿನಿಂದ ಹಬೆ ಬುಸುಬುಸು ಹೋಗುತ್ತಿರುವುದನ್ನು ಅವಳು ನೋಡಿದಳು. ಇಷ್ಟು ಕಷ್ಟಪಟ್ಟು ಮಾಡಿದ ಬಿಸಿ ಆಕಾಶದ ಪಾಲಾಗುತ್ತಿದೆಯಲ್ಲ ಎನಿಸಿತು. ಜಂಬಣ್ಣ ಹೇಳಿದ್ದು ನೆನಪಿತ್ತು. ಒಂದು ಚಣ ಮುಚ್ಚಿದರೆ ಏನಾದೀತು ಎಂದುಕೊಂಡು, ಜೋಳದ ದಂಟಿನ ಬೆಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ಪೈಪಿನ ಬಾಯಿಗೆ ಬಿಗಿಯಾಗಿ ತುರುಕಿದಳು.

ಕೆಂಚಕ್ಕನಿಗೆ ಮೊದಲು ಕೇಳಿಸಿದ್ದು ರೇಡಿಯೇಟರಿನ ನಡುಕ. ಆಮೇಲೆ ಹೊರಗೆ ಡ್ರಮ್ಮು ಧಡ್ ಧಡ್ ಎಂದು ಬಡಿದುಕೊಂಡಿತು. "ಅತ್ತೇ!" ಎಂದು ಕಿರುಚಿ, ಕೂಸನ್ನೆತ್ತಿಕೊಂಡು ಬಾಗಿಲಾಚೆ ಓಡಿದಳು. ಡ್ರಮ್ಮಿನ ಹೊಟ್ಟೆ ಉಬ್ಬಿತ್ತು. ಮೇಲಕ್ಕೆ ಕೈ ಹಾಕಿ ಬೆಂಡು ಕೀಳುವ ಹಾಗಿರಲಿಲ್ಲ. ಚಿತ್ತಮ್ಮ ಹಿಂದೆ ಸರಿಯಲಿಲ್ಲ. ಉರಿಯುವ ಕೊರಡುಗಳನ್ನು ಬರಿಗೈಯಲ್ಲೇ ಹಿಡಿದೆಳೆದು ಆಚೆಗೆಸೆದಳು. ಒಲೆಯ ಬಾಯಿಗೆ ಬುಟ್ಟಿಗಟ್ಟಲೆ ಮಣ್ಣು ಸುರಿದಳು. ಅಷ್ಟರಲ್ಲಿ ಬೆಂಡು ಫಟ್ಟೆಂದು ಹಾರಿ ಎತ್ತಲೋ ಹೋಯಿತು. ಹಬೆ ಸಿಳ್ಳೆ ಹೊಡೆಯುತ್ತ ಮುಗಿಲಿಗೇರಿತು.

ಸಿಳ್ಳೆ ಶೆಡ್ಡಿನವರೆಗೂ ಕೇಳಿಸಿತ್ತು. ಜಂಬಣ್ಣ ಓಡಿಬಂದ. ನಡೆದದ್ದು ತಿಳಿದು, ತನಗಿಂತ ಹಿರಿಯಳು ಎಂಬುದನ್ನೂ ಮರೆತು ಬೈದ. "ಇದು ಬಾಂಬು ಕಣ್ರಿ, ಬಾಂಬು! ಗೋಡೆ ಸಮೇತ ಹೋಗ್ತಿದ್ರಿ ಎಲ್ಲರೂ!" ಬೈಯುತ್ತ ಬೈಯುತ್ತಲೇ ಸೌದೆಯ ಮೇಲೆ ಕೂತುಬಿಟ್ಟ.

ಚಿತ್ತಮ್ಮ ಬೊಬ್ಬೆ ಎದ್ದ ಅಂಗೈಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡಿದ್ದಳು.

"ನೀ ಹೇಳಿದ್ದೆ, ನಾ ಕೇಳಲಿಲ್ಲ. ಇನ್ನೂ ಬೈಯಪ್ಪ. ಬೈದು ಮುಗಿದ ಮ್ಯಾಲೆ ಡ್ರಮ್ಮು ಸೋರ್ತೈತಾ ಅಂತ ನೋಡು. ಕೋಣೆ ತಣ್ಣಗಾಗೋದ್ರೊಳಗೆ ಬೆಂಕಿ ಹಾಕಬೇಕು."

ಜಂಬಣ್ಣ ಎದ್ದು ಡ್ರಮ್ಮಿನ ಸುತ್ತ ತಟ್ಟಿ ತಟ್ಟಿ ಪರೀಕ್ಷಿಸಿದ. ಸೋರುತ್ತಿರಲಿಲ್ಲ. ಸಂಜೆಯೊಳಗೆ ಒಲೆ ಮತ್ತೆ ಹೊತ್ತಿತು. ಬಟ್ಟೆ ಸುತ್ತಿದ ಕೈಯಲ್ಲಿ ಚಿತ್ತಮ್ಮ ಅದರ ಮುಂದೆ ಕೂತಿದ್ದಳು.

ಎತ್ತಪ್ಪ ಬಂದದ್ದು ಸಂಕ್ರಾಂತಿ ಹತ್ತಿರವಾದಾಗ. ಲಾರಿಯಿಂದ ಇಳಿದವನಿಗೆ ದೂರದಿಂದಲೇ ಮನೆಯ ಪಕ್ಕ ಹೊಗೆ ಕಾಣಿಸಿತು. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಓಡಿದ. ಒಲೆಯ ಮುಂದೆ ದೊಡ್ಡಪ್ಪ ಕಾಟಲಿಂಗಪ್ಪ ಬೀಡಿ ಸೇದುತ್ತ ಕೂತಿದ್ದ.

"ಎಲ್ಲಿಗೆ ಓಡ್ತೀಯಲೇ? ಒಳಗೆ ನಿನ್ನ ಮಗಳು ಮಲಗವ್ಳೆ. ಮೆಲ್ಲಕೆ ಹೋಗು."

ಅವನಿಗೆ ಮಗಳು ಹುಟ್ಟಿದ ಸುದ್ದಿಯೇ ತಿಳಿದಿರಲಿಲ್ಲ. ಹೊರಬಾಗಿಲಲ್ಲಿ ಇಣುಕಿದ. ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ತೊಟ್ಟಿಲ ಎದುರು, ಕಲ್ಲುಕಟ್ಟೆಯ ಮೇಲೆ, ದೇವರಂತೆ ಕೂತಿತ್ತು ಲಾರಿಯ ರೇಡಿಯೇಟರ್.

"ಅವ್ವ, ಇದು ಟಾಟಾದು ಅಲ್ವೇನೇ?" ಎಂದು ಕೇಳಿ, ನಗಲು ಹೋದವನು ತೊಟ್ಟಿಲೊಳಗೆ ಬಗ್ಗಿ ನೋಡಿ ಅತ್ತುಬಿಟ್ಟ. ಕಲ್ಕತ್ತೆಯ ತನಕ ಅಂಥದ್ದೇ ಒಂದನ್ನು ಮೂಗಿನ ಮುಂದಿಟ್ಟುಕೊಂಡು ಓಡಿಸಿದ್ದ. ದಾರಿಯುದ್ದಕ್ಕೂ ಅದು ಕುದಿಯದಿದ್ದರೆ ಸಾಕು ಎಂದು ನೀರು ಹೊಯ್ದಿದ್ದ. ಅದು ಬೇರೆ ಯಾವುದಕ್ಕಾದರೂ ಬಂದೀತು ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಕೂಸು ಚಿತ್ರದುರ್ಗದಲ್ಲಿ ಹುಟ್ಟಿದ್ದರಿಂದ ಅಲ್ಲಿನ ದೇವಿಯ ಹೆಸರನ್ನೇ ಇಟ್ಟರು: ಏಕನಾಥಮ್ಮ. ತೂಕ ನೋಡಿಸಲು ಕರೆದೊಯ್ದಾಗ ಲೇಡಿ ಡಾಕ್ಟರಿಗೆ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿತ್ತು. ಹೇಗೆ ಬೆಚ್ಚಗಿಟ್ಟಿರಿ ಎಂದು ಕೇಳಿದರು. ಕೆಂಚಕ್ಕ ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಒಂದು ಭಾನುವಾರ ಹಿರಿಯೂರಿಗೆ ಹೋಗುವ ದಾರಿಯಲ್ಲಿ ಅವರೇ ಐಮಂಗಲದಲ್ಲಿ ಇಳಿದು ಮನೆ ಹುಡುಕಿಕೊಂಡು ಬಂದರು.

ಥರ್ಮಾಮೀಟರನ್ನು ತೊಟ್ಟಿಲಿಗೆ ಕಟ್ಟಿ ನೋಡಿದರು. ಹೊರಗೆ ಹೋಗಿ ಒಲೆ ನೋಡಿದರು, ಹಬೆಯ ಪೈಪು ನೋಡಿದರು, ಒಳಗೆ ಬಂದು ಗೋಡೆಯ ತೂತಿನ ಸುತ್ತ ಮೆತ್ತಿದ ಮಣ್ಣಿನ ಮೇಲೆ ಕೈಯಾಡಿಸಿದರು. "ಗಾಳಿ ಒಣಗಿದೆ. ಇದರ ಮುಂದೆ ಒಂದು ಒದ್ದೆ ಬಟ್ಟೆ ನೇತುಹಾಕಿ, ಮಗುವಿನ ಗಂಟಲು ಒಣಗೋದಿಲ್ಲ," ಎಂದರು. ಚಿತ್ತಮ್ಮ ಆಗಲೇ ಒದ್ದೆ ಬಟ್ಟೆ ತಂದು ಕಟ್ಟಿದಳು. ಡಾಕ್ಟರು ಕಲ್ಲುಕಟ್ಟೆಗೊರಗಿ, ಕೆಂಚಕ್ಕ ಕೊಟ್ಟ ಕಾಫಿ ಕುಡಿದರು.

"ನಮ್ಮ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಒಂದೇ ಮಗು ಹಿಡಿಯುತ್ತೆ, ಚಿತ್ತಮ್ಮ. ಈ ಕೋಣೆಯಲ್ಲಿ ನಾಲ್ಕು ಹಿಡಿಯುತ್ತವೆ," ಎಂದರು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಒಲೆಗೆ ಬಿಡುವು ಸಿಕ್ಕಿತು. ಏಕನಾಥಮ್ಮ ಅಂಗಳದಲ್ಲಿ ಅಂಬೆಗಾಲಿಟ್ಟಳು, ಮಳೆಗಾಲ ಮುಗಿಯುವಾಗ ಸೌದೆಯ ಗೋಡೆ ಹಿಡಿದು ನಿಂತಳು.

ಮುಂದಿನ ಚಳಿಗಾಲ ಇನ್ನೂ ಕಾಲಿಡುತ್ತಿದ್ದಾಗ ಹೊಳಲ್ಕೆರೆ ಕಡೆಯ ಬಿ.ದುರ್ಗದಿಂದ ಮುರುಗಪ್ಪ ಎಂಬ ರೈತ ಮನೆ ಮುಂದೆ ಬಂದು ನಿಂತ. ಅವನ ಮಗಳಿಗೆ ದಿನ ತುಂಬುವ ಮೊದಲೇ ಅವಳಿ ಮಕ್ಕಳು ಹುಟ್ಟಿದ್ದವು. ಡಾಕ್ಟರು ಚಿತ್ತಮ್ಮನ ಹೆಸರು ಹೇಳಿ ಕಳಿಸಿದ್ದರು. ಒಂದು ರೇಡಿಯೇಟರ್ ಹೇಗೋ ಹೊಂದಿಸುತ್ತೇನೆ, ಅದನ್ನು ಹೂಡುವುದು ಹೇಗೆಂದು ಹೇಳಿಕೊಟ್ಟರೆ ಸಾಕು ಎಂದ.

"ಹೇಳಿದ್ರೆ ಬರಲ್ಲಪ್ಪ ಇದು," ಎಂದಳು ಚಿತ್ತಮ್ಮ. "ನಮ್ಮದೇ ಬಿಚ್ಚಾಣ. ನಮ್ಮ ಹುಡುಗೀಗೆ ಇನ್ನು ಬ್ಯಾಡ."

ಎತ್ತಪ್ಪ ಊರಲ್ಲಿದ್ದ. ಡ್ರಮ್ಮು, ರೇಡಿಯೇಟರ್, ಪೈಪುಗಳನ್ನು ಲಾರಿಗೆ ಹೇರಿದ. ಜಂಬಣ್ಣ ಆ ದಿನ ಶೆಡ್ಡಿನ ಬಾಗಿಲು ಹಾಕಿ ಹಿಂದೆ ಹತ್ತಿಕೊಂಡ. ಕಾಟಲಿಂಗಪ್ಪ ಒಂದು ಹೊರೆ ಜಾಲಿ ಕೊರಡನ್ನು ಲಾರಿಗೆ ಎಸೆದ. "ಆ ಕಡೆ ಸೌದೆ ಹೆಂಗಿರ್ತವೋ ಏನೋ," ಎಂದ.

ಮುರುಗಪ್ಪನ ಮನೆಯಲ್ಲಿ ಅವನ ತಾಯಿ ಬಸಮ್ಮ ಎರಡು ಕೂಸುಗಳನ್ನೂ ಎದೆಗವುಚಿಕೊಂಡು ಕೂತಿದ್ದಳು. ಬಂದವರನ್ನು ನೋಡಿ, "ಬರ್ರಿ, ಕುಂತ್ಕಳ್ರಿ, ನೀರು ಕುಡೀರಿ," ಎಂದಳು. ಅವಳ ದನಿಯಲ್ಲಿ ಬಲವಿರಲಿಲ್ಲ.

ಚಿತ್ತಮ್ಮ ಕೂರಲಿಲ್ಲ. ಕೂಸುಗಳ ಕಾಲಬೆರಳು ಮುಟ್ಟಿ ನೋಡಿದಳು. ಕೋಣೆಯ ಸುತ್ತ ಒಂದು ಸಲ ನಡೆದಳು. ಹೊರಗೆ ಬಂದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮುಖವೊಡ್ಡಿ ನಿಂತಳು. ಹಿಂದಿನ ಗೋಡೆಯ ಬುಡದಲ್ಲಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆದಕಿದಳು. ಕರಿಮಣ್ಣು, ಮೆತ್ತಗಿತ್ತು.

"ಜಂಬಣ್ಣ, ಇಲ್ಲಿ ಬಂಡೆ ಇಲ್ಲ. ಒಲೇನ ಗುಂಡಿಗೇ ಇಳಿಸಬೌದು," ಎಂದು ಕೂಗಿ, ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮುರುಗಪ್ಪನ ಕಡೆ ತಿರುಗಿ ಕೈ ಚಾಚಿದಳು.

"ಒಂದು ಗುದ್ದಲಿ ಕೊಡಪ್ಪ."